ಗುರಿ ತಪ್ಪದ ಕೋವಿ ಕೈಕೊಟ್ಟ ಕಥೆ

ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಸುತ್ತ ದೊಡ್ಡ ಕಾಳಗ ನಡೆಯಿತು. ಕೆನಡಾದ ಒಂದನೇ ಡಿವಿಷನ್ ಅಲ್ಲಿಂದ ಹಿಂದಕ್ಕೆ ಬಂದ ಮೇಲೆ ಒಂದು ಎಣಿಕೆ ಮಾಡಿದರು. ಉಳಿದು ಬಂದ 5,000 ಸೈನಿಕರಲ್ಲಿ 1,452 ಮಂದಿಯ ಕೈಯಲ್ಲಿ ಅವರ ಸರ್ಕಾರ ಕೊಟ್ಟ ರೈಫಲ್ ಇರಲಿಲ್ಲ. ಅದನ್ನು ಎಸೆದು ಬ್ರಿಟಿಷರ ಲೀ-ಎನ್‌ಫೀಲ್ಡ್ ಎತ್ತಿಕೊಂಡಿದ್ದರು. ಹೆಚ್ಚಿನವು ಸತ್ತವರ ಪಕ್ಕದಲ್ಲಿ ಬಿದ್ದಿದ್ದವು. ಜೂನ್ ಮಧ್ಯದ ಹೊತ್ತಿಗೆ ಹೀಗೆ ಕೋವಿ ಬದಲಿಸಿಕೊಂಡವರ ಸಂಖ್ಯೆ 3,000 ದಾಟಿತು. ಯಾರ ಅಪ್ಪಣೆಯೂ ಇರಲಿಲ್ಲ.

ಎಸೆದ ರೈಫಲ್‌ನ ಹೆಸರು ರಾಸ್. ಸೈನ್ಯದಲ್ಲಿ ಕೋವಿ ಕಳೆದುಕೊಳ್ಳುವುದೇ ದೊಡ್ಡ ತಪ್ಪು. ಅಂಥಾದ್ದರಲ್ಲಿ ಇಷ್ಟು ಜನ ಬೇಕೆಂದೇ ಎಸೆದಿದ್ದಾರೆ. ಅದೂ ಆ ಕಾಲದ ಅತ್ಯಂತ ನಿಖರವಾದ ಸೇನಾ ರೈಫಲ್‌ಗಳಲ್ಲಿ ಒಂದನ್ನು. ಈ ವಿಷಯ ನನ್ನನ್ನು ಬಹಳ ದಿನಗಳಿಂದ ಬಿಡದೆ ಹಿಡಿದಿದೆ.

ನಾನು ಸೈನಿಕನಲ್ಲ, ಬೇಟೆಗಾರನೂ ಅಲ್ಲ. ನನ್ನ ಕೆಲಸ ಮಷಿನ್ ಶಾಪ್‌ನಲ್ಲಿ, ಇನ್‌ಸ್ಪೆಕ್ಷನ್ ವಿಭಾಗದಲ್ಲಿ. ತಿರುಗಿಸಿ, ಕೊರೆದು, ತೇಯ್ದು ಬಂದ ಭಾಗಗಳಿಗೆ ಗೇಜ್ ಹಾಕಿ ನೋಡಿ ಪಾಸ್ ಮಾಡುವುದು ಅಥವಾ ತಿರಸ್ಕರಿಸುವುದು. ಹಳೆಯ ರೈಫಲ್‌ಗಳ ಬಗ್ಗೆ ಓದಲು ಶುರು ಮಾಡಿದ್ದೂ ಅದೇ ಕಾರಣಕ್ಕೆ. ಇಪ್ಪತ್ತನೇ ಶತಮಾನದ ಮೊದಲ ಇಪ್ಪತ್ತು ವರ್ಷಗಳಲ್ಲಿ ಲಕ್ಷಗಟ್ಟಲೆ ಒಂದೇ ಅಳತೆಯಲ್ಲಿ ತಯಾರಾದ, ಸಾವಿರದಲ್ಲೊಂದು ಇಂಚಿನ ಲೆಕ್ಕದಲ್ಲಿ ಅಳೆದ ವಸ್ತುಗಳೆಂದರೆ ಮುಖ್ಯವಾಗಿ ಇವೇ. ಅವುಗಳ ಇತಿಹಾಸ ಓದಿದರೆ ನನ್ನ ಕಸುಬಿನ ಇತಿಹಾಸವನ್ನೇ ಓದಿದ ಹಾಗೆ.

ರಾಸ್ ಕಥೆ ಶುರುವಾಗುವುದು ಒಂದು ಅವಮಾನದಿಂದ. 1899ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ಶುರುವಾಯಿತು. ಬ್ರಿಟನ್ ಪರವಾಗಿ ಕೆನಡಾದ ಸೈನಿಕರೂ ಹೋದರು. ಆಗ ಕೆನಡಾಗೆ ಇನ್ನಷ್ಟು ಲೀ-ಎನ್‌ಫೀಲ್ಡ್ ರೈಫಲ್‌ಗಳು ಬೇಕಿದ್ದವು. ಬ್ರಿಟನ್‌ಗೆ ತನಗೇ ಸಾಲದು. ಸರಿ, ನಾವೇ ಮಾಡಿಕೊಳ್ಳುತ್ತೇವೆ ಅಂದರೆ ಅದಕ್ಕೂ ದಾರಿಯಾಗಲಿಲ್ಲ. ನಮ್ಮ ಹುಡುಗರು ನಿಮ್ಮ ಯುದ್ಧದಲ್ಲಿ ಸಾಯಬಹುದು, ಆದರೆ ಕೋವಿಗೆ ಮಾತ್ರ ನಿಮ್ಮ ಬಾಗಿಲಲ್ಲಿ ಕಾಯಬೇಕಾ? ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ ಆ ಸಿಟ್ಟು ಹುಟ್ಟಿದ್ದು ನನಗೆ ಪೂರ್ತಿ ನ್ಯಾಯ ಅನ್ನಿಸುತ್ತದೆ. ನಮ್ಮ ದೇಶದ ಕೋವಿ ನಮ್ಮಲ್ಲೇ ತಯಾರಾಗಬೇಕು ಅನ್ನುವ ಆಸೆಯಲ್ಲಿ ತಪ್ಪೇನಿದೆ?

ಆ ಹೊತ್ತಿಗೆ ಸರಿಯಾಗಿ ಬಂದವನು ಸರ್ ಚಾರ್ಲ್ಸ್ ರಾಸ್. ಸ್ಕಾಟ್ಲೆಂಡಿನ ಬ್ಯಾಲ್ನಗೌನ್‌ನ ಭಾರಿ ಜಮೀನ್ದಾರ, ಹುಟ್ಟಿದ್ದು 1872ರಲ್ಲಿ. ಹುಡುಗನಾಗಿದ್ದಾಗಿನಿಂದ ಯಂತ್ರಗಳ ಮೇಲೆ ಆಸೆ, ಇಪ್ಪತ್ತರ ಆಸುಪಾಸಿನಲ್ಲೇ ರೈಫಲ್‌ಗೆ ಪೇಟೆಂಟ್ ಪಡೆದಿದ್ದ. ನನಗೆ ಕಾರ್ಖಾನೆಗೆ ಜಾಗ ಕೊಡಿ, ಖರ್ಚು ನನ್ನದು, ನೀವು ರೈಫಲ್ ಕೊಂಡರೆ ಸಾಕು ಎಂಬ ಮಾತಿಗೆ ಸರ್ಕಾರ ಒಪ್ಪಿತು. ಮೊದಲ ಆರ್ಡರ್ 12,000 ರೈಫಲ್. ಕ್ವಿಬೆಕ್ ನಗರದ ಏಬ್ರಹಾಂ ಬಯಲಿನಲ್ಲಿ ಕಾರ್ಖಾನೆ ಎದ್ದಿತು.

ಈ ರೈಫಲ್‌ನಲ್ಲಿ ಹೊಸದೇನಿತ್ತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಬೋಲ್ಟ್ ಅಂದರೆ ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಬೀಗ ಹಾಕುವ ಉಕ್ಕಿನ ಭಾಗ. ಲೀ-ಎನ್‌ಫೀಲ್ಡ್‌ನಲ್ಲಿ ಒಂದು ಗುಂಡು ಹಾರಿಸಿದ ಮೇಲೆ ಬೋಲ್ಟ್‌ನ ಹಿಡಿಯನ್ನು ಮೇಲಕ್ಕೆ ಎತ್ತಬೇಕು, ಹಿಂದಕ್ಕೆ ಎಳೆಯಬೇಕು, ಮುಂದಕ್ಕೆ ತಳ್ಳಬೇಕು, ಕೆಳಕ್ಕೆ ಒತ್ತಬೇಕು. ನಾಲ್ಕು ಚಲನೆ. ರಾಸ್‌ನಲ್ಲಿ ಎರಡೇ: ಎಳೆ, ತಳ್ಳು. ಬೋಲ್ಟ್‌ನ ಹೊರಗಿನ ತೋಳಿನೊಳಗೆ ಸುರುಳಿಯಾಕಾರದ ತೋಡುಗಳಿವೆ. ಎಳೆದಾಗ ಒಳಗಿನ ತಲೆ ತಾನಾಗಿ ತಿರುಗಿ ಬೀಗ ಬಿಚ್ಚುತ್ತದೆ. ಒತ್ತಿದರೆ ತಾನೇ ತಿರುಗುವ ಹಳೆಯ ಸ್ಕ್ರೂಡ್ರೈವರ್ ನೋಡಿದ್ದರೆ ಥಟ್ ಅಂತ ಅರ್ಥವಾಗುತ್ತದೆ. ಆಸ್ಟ್ರಿಯಾದ ಮಾನ್ಲಿಕರ್ ರೈಫಲ್‌ನಲ್ಲಿ ಈ ಉಪಾಯ ಮೊದಲೇ ಇತ್ತು, ರಾಸ್ ಅದನ್ನು ತನ್ನದೇ ರೀತಿಯಲ್ಲಿ ಬೆಳೆಸಿದ.

ಕೈಗೆ ಹಗುರ, ವೇಗ ಜಾಸ್ತಿ. ಆದರೆ ಮೊದಲ ತಂಡದ ರೈಫಲ್‌ಗಳಲ್ಲೇ ದೂರು ಬಂದವು. ಸುಮಾರು 1,000 ರೈಫಲ್‌ಗಳು ವಾಯುವ್ಯ ಕೆನಡಾದ ಕುದುರೆ ಪೊಲೀಸರ ಕೈಗೆ ಹೋದವು. ತಪಾಸಣೆಯಲ್ಲಿ ಅವರು ಪಟ್ಟಿ ಮಾಡಿದ ದೋಷಗಳು 113. ಸ್ಪ್ರಿಂಗ್‌ಗಳು ತಾಮ್ರದಷ್ಟು ಮೆತ್ತಗೆ. ಬೋಲ್ಟ್ ಕಳಚಿ ಬಿದ್ದುಹೋಗುತ್ತದೆ. 1906ರಲ್ಲಿ ಅವರು ರಾಸ್ ಬಿಟ್ಟು ತಮ್ಮ ಹಳೆಯ ಕೋವಿಗಳಿಗೇ ಮರಳಿದರು. ಈ ಭಾಗ ಓದುವಾಗಲೆಲ್ಲ ನನಗೆ ಅನ್ನಿಸುವುದು ಇಷ್ಟು: ಯುದ್ಧಕ್ಕೆ ಇನ್ನೂ ಎಂಟು ವರ್ಷ ಇತ್ತು. ದಿನಾ ಕೋವಿ ಹೊತ್ತು ಕುದುರೆ ಮೇಲೆ ತಿರುಗುವ ಮಂದಿ ಸ್ಪಷ್ಟವಾಗಿ ಬೇಡ ಅಂದಿದ್ದರು. ಅದಕ್ಕಿಂತ ದೊಡ್ಡ ಇನ್‌ಸ್ಪೆಕ್ಷನ್ ರಿಪೋರ್ಟ್ ಯಾವುದು ಬೇಕಿತ್ತು?

ಆ ದೂರನ್ನು ಮುಚ್ಚಿಹಾಕಿದ್ದು ರಾಸ್‌ನ ಯಶಸ್ಸೇ. ಇಂಗ್ಲೆಂಡಿನ ಬಿಸ್ಲಿ ಮೈದಾನದ ಗುರಿ ಸ್ಪರ್ಧೆ ಇಡೀ ಬ್ರಿಟಿಷ್ ಸಾಮ್ರಾಜ್ಯದಲ್ಲೇ ಹೆಸರುವಾಸಿ. ಅಲ್ಲಿ 1908ರಿಂದ ರಾಸ್ ರೈಫಲ್‌ಗಳು ಬಹುಮಾನದ ಮೇಲೆ ಬಹುಮಾನ ಗೆದ್ದವು. ಎಲ್ಲಕ್ಕಿಂತ ಮೇಲಿನ ಕಿಂಗ್ಸ್ ಪ್ರೈಜ್ 1911ರಲ್ಲಿ ಮತ್ತು 1913ರಲ್ಲಿ ಕೆನಡಾದವರ ಪಾಲಾಯಿತು. ರಾಸ್ ಕಂಪನಿಯ 280 ಕ್ಯಾಲಿಬರಿನ ಬೇಟೆ ರೈಫಲ್ ಅಂತೂ ಆ ಕಾಲಕ್ಕೆ ವೇಗದಲ್ಲಿ ಮುಂದಿತ್ತು. ಮಾರ್ಕ್ 3 ಎಂಬ ಹೊಸ ಸೇನಾ ಮಾದರಿ 1910ರಲ್ಲಿ ಬಂತು. 30 ಇಂಚು ಮೀರಿದ ಉದ್ದದ ನಳಿಗೆ, ಹಿಂಬದಿಯಲ್ಲಿ ಗುರಿ ನೋಡಲು ಸೊಗಸಾದ ಸಣ್ಣ ತೂತಿನ ಸೈಟ್. ಕೋವಿಯ ಒಟ್ಟು ಉದ್ದ ಸುಮಾರು 128 ಸೆಂಟಿಮೀಟರ್. ಅದೇ ಲೀ-ಎನ್‌ಫೀಲ್ಡ್ 113. ಮೈದಾನದಲ್ಲಿ ಮಲಗಿ, ಉಸಿರು ಹಿಡಿದು ಸಾವಿರ ಗಜ ದೂರಕ್ಕೆ ಗುರಿ ಇಡುವವನಿಗೆ ಈ ಉದ್ದ ವರ. ಕಿರಿದಾದ ಕಂದಕದಲ್ಲಿ ತಿರುವು ದಾಟಬೇಕಾದವನಿಗೆ ಭಾರ.

1911ರಲ್ಲಿ ಕೆನಡಾದ ಸೇನಾ ಸಚಿವನಾದವನು ಸ್ಯಾಮ್ ಹ್ಯೂಸ್. ಅವನಿಗೂ ಗುರಿಕಾರಿಕೆಯ ಹುಚ್ಚು. 1901ರಲ್ಲಿ ರಾಸ್ ರೈಫಲ್ ಪರೀಕ್ಷಿಸಿ ಶಿಫಾರಸು ಮಾಡಿದ ಸಮಿತಿಯಲ್ಲೂ ಅವನಿದ್ದ. ಅವನ ಪಾಲಿಗೆ ರಾಸ್ ಅಂದರೆ ಕೆನಡಾ, ಕೆನಡಾ ಅಂದರೆ ರಾಸ್. ಅದನ್ನು ಬೈದವರು ದೇಶವನ್ನೇ ಬೈದಂತೆ. ಸಚಿವನ ಮನಸ್ಸು ಒಂದು ಸಲಕರಣೆಗೆ ಹೀಗೆ ಅಂಟಿಕೊಂಡರೆ ಕೆಳಗಿನವರು ನಿಜ ಹೇಳುವುದು ಕಷ್ಟವಾಗುತ್ತದೆ. ಇದೇ ಹ್ಯೂಸ್ ಕಾಲದಲ್ಲಿ ನಡುವೆ ತೂತಿರುವ ಸಲಿಕೆಗಳನ್ನು 25,000 ಕೊಂಡರು. ಸಲಿಕೆಯೂ ಹೌದು, ಗುಂಡಿಗೆ ಗುರಾಣಿಯೂ ಹೌದು ಅನ್ನುವ ಲೆಕ್ಕ. ಅದು ಗುಂಡನ್ನೂ ತಡೆಯಲಿಲ್ಲ, ಮಣ್ಣನ್ನೂ ಸರಿಯಾಗಿ ಎತ್ತಲಿಲ್ಲ. ಕೊನೆಗೆ ಗುಜರಿಗೆ ಹೋಯಿತು.

1914ರಲ್ಲಿ ಮಹಾಯುದ್ಧ ಬಂತು. ಕೆನಡಾದ ಒಂದನೇ ಡಿವಿಷನ್ ರಾಸ್ ಮಾರ್ಕ್ 3 ಹಿಡಿದು ಹಡಗು ಹತ್ತಿತು.

1915ರ ಏಪ್ರಿಲ್ 22ರ ಸಂಜೆ ಐದರ ಹೊತ್ತಿಗೆ ಈಪ್ರ್‌ನ ಉತ್ತರಕ್ಕೆ ಜರ್ಮನರು 150 ಟನ್‌ಗೂ ಹೆಚ್ಚು ಕ್ಲೋರಿನ್ ವಿಷಗಾಳಿ ಬಿಟ್ಟರು. ಪಶ್ಚಿಮ ರಣರಂಗ ಅಂಥದ್ದನ್ನು ಅದುವರೆಗೆ ಕಂಡಿರಲಿಲ್ಲ. ಗಾಳಿ ಅದನ್ನು ಫ್ರೆಂಚ್ ಮತ್ತು ಅಲ್ಜೀರಿಯಾ ಸೈನಿಕರ ಮೇಲೆ ತಂದಿತು. ಸಾಲಿನಲ್ಲಿ ದೊಡ್ಡ ಬಿರುಕು ಬಿತ್ತು. ಪಕ್ಕದಲ್ಲಿದ್ದ ಕೆನಡಾದವರು ಆ ಬಿರುಕನ್ನು ತುಂಬಲು ಓಡಿದರು. 24ರ ಬೆಳಗಿನ ಜಾವ ಸೇಂಟ್ ಜೂಲಿಯನ್ ಬಳಿ ವಿಷಗಾಳಿ ನೇರವಾಗಿ ಅವರ ಮೇಲೇ ಬಂತು. ಮುಖವಾಡಗಳಿರಲಿಲ್ಲ. ಒದ್ದೆ ಬಟ್ಟೆಯನ್ನು ಬಾಯಿಗೆ ಕಟ್ಟಿಕೊಂಡು ನಿಂತರು. ಅದರ ಹಿಂದೆಯೇ ಜರ್ಮನ್ ಕಾಲಾಳುಗಳು ಬರುತ್ತಿದ್ದರು. ಆ ಗಳಿಗೆಯಲ್ಲಿ ಸೈನಿಕನಿಗೆ ಬೇಕಿದ್ದದ್ದು ಒಂದೇ: ಎಳೆ, ತಳ್ಳು, ಹೊಡೆ.

ಎಳೆಯಲಾಗಲಿಲ್ಲ. ಒಂದಷ್ಟು ಗುಂಡು ಹಾರಿಸುವಷ್ಟರಲ್ಲಿ ಬೋಲ್ಟ್ ಕಚ್ಚಿಕೊಂಡಿತು. ಕೆಲವರು ಬೂಟಿನ ಹಿಮ್ಮಡಿಯಿಂದ ಒದ್ದು ಬಿಡಿಸಿದರು. ಕೆಲವರು ಕಂದಕ ಅಗೆಯುವ ಸಲಿಕೆಯ ಹಿಡಿಯಿಂದ ಬಡಿದರು. ಒಂದು ಗುಂಡಿಗೆ ಒಂದು ಒದೆ. ಬಯೊನೆಟ್ ಸಿಕ್ಕಿಸಿ ಹೊಡೆದರೆ ಅದು ಉದುರಿ ಬೀಳುವುದು ಬೇರೆ. ಆ ಕೆಲವೇ ದಿನಗಳಲ್ಲಿ ಕೆನಡಾದ ಕಡೆ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ 6,000 ದಾಟಿದರು. ಸತ್ತವರೇ 2,000ಕ್ಕೂ ಹೆಚ್ಚು. ಇದರಲ್ಲಿ ಎಷ್ಟು ರೈಫಲ್‌ನಿಂದ, ಎಷ್ಟು ವಿಷಗಾಳಿ ಮತ್ತು ಫಿರಂಗಿಯಿಂದ ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಆದರೆ ಅವರು ಆ ಗಳಿಗೆಯಲ್ಲಿ ಹಿಡಿದು ನಿಂತದ್ದು ಕಚ್ಚಿಕೊಂಡ ಕೋವಿಯನ್ನು ಅನ್ನುವುದು ನಿಜ.

ಏಕೆ ಕಚ್ಚಿಕೊಂಡಿತು? ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ.

ಗುಂಡು ಹಾರಿದಾಗ ತೋಟಾದ ಹಿತ್ತಾಳೆ ಕೇಸ್ ಉಬ್ಬಿ, ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಚೇಂಬರಿನ ಗೋಡೆಗೆ ಒತ್ತಿಕೊಳ್ಳುತ್ತದೆ, ಆಮೇಲೆ ಸ್ವಲ್ಪ ಕುಗ್ಗುತ್ತದೆ. ಆ ಸ್ವಲ್ಪ ಕುಗ್ಗುವಿಕೆಯ ಮೇಲೆಯೇ ಎಲ್ಲ ನಿಂತಿದೆ. ರಾಸ್‌ನ ಚೇಂಬರ್ ಬಿಗಿಯಾಗಿತ್ತು. ನಿಖರತೆಗೆ ಅದು ಒಳ್ಳೆಯದು. ಕೆನಡಾದಲ್ಲಿ ಅಳತೆಗೆ ಸರಿಯಾಗಿ ಮಾಡಿದ ತೋಟಾಗಳು ಅದರಲ್ಲಿ ಚೆನ್ನಾಗಿ ಓಡುತ್ತಿದ್ದವು. ಆದರೆ ಯುದ್ಧದಲ್ಲಿ ಕೈಗೆ ಬಂದದ್ದು ಬ್ರಿಟನ್‌ನ ತೋಟಾ. ಅವಸರದಲ್ಲಿ ಕೋಟಿಗಟ್ಟಲೆ ತಯಾರಾದದ್ದು, ಅಳತೆಯಲ್ಲಿ ಹೆಚ್ಚುಕಡಿಮೆ ಜಾಸ್ತಿ. ಲೀ-ಎನ್‌ಫೀಲ್ಡ್‌ನ ಚೇಂಬರ್ ಸಡಿಲ, ಹಾಗಾಗಿ ಅದು ಎಲ್ಲವನ್ನೂ ನುಂಗಿಕೊಂಡಿತು. ರಾಸ್‌ಗೆ ಆಗಲಿಲ್ಲ. ನಳಿಗೆ ಬಿಸಿಯಾದಂತೆ, ಮಣ್ಣು ಸೇರಿದಂತೆ ಇನ್ನೂ ಕಷ್ಟವಾಯಿತು.

ಅದರ ಮೇಲೆ, ಲೀ-ಎನ್‌ಫೀಲ್ಡ್‌ನ ಹಿಡಿಯನ್ನು ಮೇಲಕ್ಕೆ ಎತ್ತುವಾಗ ಅದು ಸನ್ನೆಗೋಲಿನಂತೆ ಕೆಲಸ ಮಾಡಿ ಅಂಟಿದ ಕೇಸನ್ನು ಮೊದಲು ಸ್ವಲ್ಪ ಕದಲಿಸುತ್ತದೆ. ನೇರ ಎಳೆಯುವ ರಾಸ್‌ನಲ್ಲಿ ಆ ಸನ್ನೆಯ ಬಲ ಸಿಗುವುದಿಲ್ಲ. ವೇಗಕ್ಕಾಗಿ ತೆಗೆದುಹಾಕಿದ ಆ ಎರಡು ಚಲನೆಗಳು ಸುಮ್ನೆ ಇದ್ದವಲ್ಲ, ಅವಕ್ಕೆ ಕೆಲಸವಿತ್ತು.

ಮೂರನೆಯ ತಪ್ಪು ಇವೆರಡಕ್ಕಿಂತ ಕೆಟ್ಟದ್ದು. ಬೋಲ್ಟ್‌ನ ತಲೆಯ ಮೇಲೆ ಥ್ರೆಡ್‌ನಂಥ ಹಲ್ಲುಗಳಿವೆ. ಅವು ರೈಫಲ್‌ನ ಒಳಗಿನ ಥ್ರೆಡ್‌ಗೆ ಕೂತು ಬೀಗ ಹಾಕುತ್ತವೆ. ಬೋಲ್ಟನ್ನು ಹಿಂದಕ್ಕೆ ಎಳೆದಾಗ ಎಡಬದಿಯ ಒಂದು ಹಲ್ಲು ಬೋಲ್ಟ್ ಸ್ಟಾಪ್‌ಗೆ ಬಡಿದು ನಿಲ್ಲುತ್ತದೆ. ಆ ಸ್ಟಾಪ್ ತೀರಾ ಸಣ್ಣದು, ತಾಗುವ ಜಾಗ ಇಷ್ಟೇ ಇಷ್ಟು. ಬೋಲ್ಟ್ ತಲೆಯ ಹಾರ್ಡನಿಂಗ್, ಅಂದರೆ ಉಕ್ಕನ್ನು ಕಾಯಿಸಿ ಗಟ್ಟಿ ಮಾಡುವುದು, ಕೂಡ ಸಾಲದಾಗಿತ್ತು. ಬಡಿದು ಬಡಿದು ಹಲ್ಲಿನ ಅಂಚು ಮಡಚಿಕೊಂಡು ಬರ್, ಅಂದರೆ ಲೋಹದ ಒರಟು ಏಣು, ಎದ್ದಿತು. ಬರ್ ಎದ್ದ ಹಲ್ಲು ಥ್ರೆಡ್‌ಗೆ ಸಲೀಸಾಗಿ ಕೂರುವುದಿಲ್ಲ, ಕೂತರೆ ಬಿಚ್ಚುವುದಿಲ್ಲ. ಈಗ ಸೈನಿಕನ ಸ್ಥಿತಿ ನೋಡಿ. ಕೇಸ್ ಅಂಟಿದೆ, ಅದಕ್ಕೆ ಜೋರಾಗಿ ಎಳೆಯುತ್ತಾನೆ. ಜೋರಾಗಿ ಎಳೆದಷ್ಟೂ ಹಲ್ಲು ಸ್ಟಾಪ್‌ಗೆ ಜೋರಾಗಿ ಬಡಿಯುತ್ತದೆ. ಬರ್ ದೊಡ್ಡದಾಗುತ್ತದೆ. ಮುಂದಿನ ಗುಂಡಿಗೆ ಇನ್ನೂ ಜೋರಾಗಿ ಎಳೆಯಬೇಕು. ಜೀವ ಉಳಿಸಿಕೊಳ್ಳಲು ಹಾಕಿದ ಪ್ರತಿಯೊಂದು ಒದೆಯೂ ಕೋವಿಯನ್ನು ಇನ್ನಷ್ಟು ಕೆಡಿಸುತ್ತಿತ್ತು.

ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡ ದಿನ ನನಗೆ ನಿಜವಾಗಿಯೂ ಸಂಕಟವಾಯಿತು. ಕೆಲಸದಲ್ಲಿ ಇಂಥದ್ದನ್ನು ಸಣ್ಣ ಪ್ರಮಾಣದಲ್ಲಿ ಕಂಡಿದ್ದೇನೆ. ಎರಡು ಭಾಗಗಳು. ಎರಡೂ ಅವರವರ ಡ್ರಾಯಿಂಗ್ ಪ್ರಕಾರ ಸರಿ, ಎರಡೂ ಗೇಜ್ ಪಾಸ್. ಜೋಡಿಸಿದರೆ ಹಿಡಿದುಕೊಳ್ಳುತ್ತವೆ. ಹಿಂದೆ ನಾನಿದ್ದ ಒಂದು ಕಾರ್ಖಾನೆಯಲ್ಲಿ ಗ್ರಾಹಕರಿಂದ ಹೀಗೆ ದೂರು ಬಂದಾಗ ಮೀಟಿಂಗ್‌ನಲ್ಲಿ ಬಂದ ಮೊದಲ ಮಾತು, ಅವರಿಗೆ ಫಿಟ್ ಮಾಡಲು ಬರುವುದಿಲ್ಲ ಅಂತ. ರಾಸ್ ವಿಷಯದಲ್ಲೂ ಅದೇ ಆಯಿತು. ತಪ್ಪು ಬ್ರಿಟಿಷ್ ತೋಟಾದ್ದು ಎಂದು ಹ್ಯೂಸ್ ಹಟ ಹಿಡಿದ. ತೋಟಾ ಕಳಪೆಯಿತ್ತು ಎನ್ನುವುದು ಸುಳ್ಳಲ್ಲ. ಆದರೆ ಕಳಪೆ ತೋಟಾ ಬರುವ ಜಾಗಕ್ಕೇ ಕೋವಿಯನ್ನು ಕಳಿಸಿದ್ದು ತಾನೇ? ಅದೇ ತೋಟಾ ಪಕ್ಕದವನ ಕೋವಿಯಲ್ಲಿ ಓಡುತ್ತಿತ್ತಲ್ಲ.

ಆ ಪಕ್ಕದವರಲ್ಲಿ ನಮ್ಮವರೂ ಇದ್ದರು. ಏಪ್ರಿಲ್ 26ರಂದು ಅದೇ ಈಪ್ರ್‌ನ ಉತ್ತರದ ಬಯಲಿನಲ್ಲಿ ಭಾರತೀಯ ಸೇನೆಯ ಲಾಹೋರ್ ಡಿವಿಷನ್ ದಾಳಿಗೆ ಇಳಿಯಿತು. ಅವರ ಮೇಲೂ ಕ್ಲೋರಿನ್ ಬಂತು. ಆ ದಿನದ ಧೈರ್ಯಕ್ಕೆ ಜಮಾದಾರ್ ಮೀರ್ ದಸ್ತ್ ಅವರಿಗೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. 1914ರಲ್ಲಿ ಮಾರ್ಸೆ ಬಂದರಿನಲ್ಲಿ ಇಳಿದಾಗ ಭಾರತೀಯರ ಹಳೆಯ ರೈಫಲ್‌ಗಳನ್ನು ತೆಗೆದುಕೊಂಡು, ಯುರೋಪಿನಲ್ಲಿ ಸಿಗುವ ಹೊಸ ತೋಟಾಗೆ ಹೊಂದುವ ಲೀ-ಎನ್‌ಫೀಲ್ಡ್ ಕೊಟ್ಟಿದ್ದರು. ಯಾವ ತೋಟಾ ಸಿಗುತ್ತದೋ ಅದಕ್ಕೆ ತಕ್ಕ ಕೋವಿ. ಕೆನಡಾದವರಿಗೆ ಯಾರೂ ಮಾಡದೆ ಬಿಟ್ಟ ಯೋಚನೆ ಅದು. ಆ ಲೀ-ಎನ್‌ಫೀಲ್ಡ್ ನಮಗೂ ಹೊಸದಲ್ಲ. ಬಂಗಾಳದ ಈಶಾಪುರ ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಾಗಿ, ತ್ರೀ ನಾಟ್ ತ್ರೀ ಎಂಬ ಹೆಸರಿನಲ್ಲಿ ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಇದ್ದದ್ದು ಅದೇ ವಂಶ.

1915ರ ಜೂನ್‌ನಲ್ಲಿ ಬ್ರಿಟಿಷ್ ದಂಡನಾಯಕ ಜಾನ್ ಫ್ರೆಂಚ್ ಕೆನಡಾದ ಒಂದನೇ ಡಿವಿಷನ್‌ಗೆ ಲೀ-ಎನ್‌ಫೀಲ್ಡ್ ಕೊಡಿಸಿದ. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಎರಡನೇ ಡಿವಿಷನ್ ಮತ್ತೆ ರಾಸ್ ಹಿಡಿದೇ ಬಂತು. ಚೇಂಬರ್‌ಗಳಿಗೆ ರೀಮರ್ ಹಾಕಿ ಸ್ವಲ್ಪ ದೊಡ್ಡದು ಮಾಡಿದರು. ಬೋಲ್ಟ್ ಸ್ಟಾಪ್ ದೊಡ್ಡದಾಯಿತು, ಬೋಲ್ಟ್ ತಲೆಗೆ ಸರಿಯಾದ ಹಾರ್ಡನಿಂಗ್ ಕೊಟ್ಟರು. ರೈಫಲ್ ನಿಜಕ್ಕೂ ಸುಧಾರಿಸಿತು. ಆದರೆ ಸೈನಿಕನ ನಂಬಿಕೆ ಹೋಗಿತ್ತು. ಅದಕ್ಕೆ ಹಾಕಲು ರೀಮರ್ ಇಲ್ಲ.

ಮೊದಲು ಒಂದನೇ ಡಿವಿಷನ್‌ಗೆ, ಆಮೇಲೆ ಫ್ರಾನ್ಸ್‌ನಲ್ಲಿದ್ದ ಇಡೀ ಕೆನಡಾ ಪಡೆಗೆ ನಾಯಕನಾಗಿದ್ದ ಎಡ್ವಿನ್ ಆಲ್ಡರ್ಸನ್ ಬ್ರಿಟಿಷ್ ಅಧಿಕಾರಿ. ತನ್ನ ಸೈನಿಕರ ಮಾತನ್ನು ಮೇಲಕ್ಕೆ ಮುಟ್ಟಿಸುತ್ತಲೇ ಇದ್ದ. ಹ್ಯೂಸ್ ಅವನಿಗೆ ಬರೆದ ಪತ್ರ ಅವಮಾನಕರವಾಗಿತ್ತು. ಅದರ ಪ್ರತಿಗಳನ್ನು ಆಲ್ಡರ್ಸನ್‌ನ ಕೈಕೆಳಗಿನ ಅಧಿಕಾರಿಗಳಿಗೂ ಹಂಚಿಸಿದ. 1916ರ ಮೇ ತಿಂಗಳಲ್ಲಿ ಆಲ್ಡರ್ಸನ್ ಹುದ್ದೆ ಕಳೆದುಕೊಂಡ. ಬೇರೆ ಕಾರಣಗಳೂ ಇದ್ದವು, ಆದರೆ ರಾಸ್ ಜಗಳ ಅದರಲ್ಲಿ ದೊಡ್ಡದು. ಅದೇ ಬೇಸಿಗೆಯಲ್ಲಿ ಹೊಸ ದಂಡನಾಯಕ ಹೇಗ್ ಉಳಿದ ಕೆನಡಾ ಪಡೆಗಳಿಂದಲೂ ರಾಸ್ ತೆಗೆಸಿದ. ನವೆಂಬರ್‌ನಲ್ಲಿ ಹ್ಯೂಸ್ ರಾಜೀನಾಮೆ ಕೊಡಬೇಕಾಯಿತು. ಆಲ್ಡರ್ಸನ್ ಹೆಸರು ಇವತ್ತು ಯಾರಿಗೂ ನೆನಪಿಲ್ಲ. ನನ್ನ ಮಟ್ಟಿಗೆ ಈ ಕಥೆಯಲ್ಲಿ ತನ್ನ ಕೆಲಸ ಸರಿಯಾಗಿ ಮಾಡಿದ ದೊಡ್ಡ ಅಧಿಕಾರಿ ಅವನೇ.

ಎಲ್ಲ ಕಡೆಯಿಂದ ಹೋದ ಮೇಲೂ ರಾಸ್ ಒಬ್ಬರ ಕೈಯಲ್ಲಿ ಮಾತ್ರ ಉಳಿಯಿತು: ಸ್ನೈಪರ್‌ಗಳ ಕೈಯಲ್ಲಿ. ಅವರು ಅದನ್ನು ಯುದ್ಧದ ಕೊನೆಯವರೆಗೂ ಬಿಡಲಿಲ್ಲ. ಸ್ನೈಪರ್ ನಿಮಿಷಕ್ಕೆ ಹದಿನೈದು ಗುಂಡು ಹೊಡೆಯುವುದಿಲ್ಲ. ತೋಟಾಗಳನ್ನು ಒಂದೊಂದಾಗಿ ಆರಿಸುತ್ತಾನೆ, ಬೋಲ್ಟನ್ನು ಬಟ್ಟೆ ಸುತ್ತಿ ಕಾಯುತ್ತಾನೆ, ಗಂಟೆಗಟ್ಟಲೆ ಮಲಗಿ ಒಂದು ಗುಂಡು ಹಾರಿಸುತ್ತಾನೆ. ಅಂಥವನಿಗೆ ಬಿಗಿ ಚೇಂಬರ್, ಉದ್ದ ನಳಿಗೆ, ಆ ಸೈಟ್ ಎಲ್ಲವೂ ಬೇಕು. ಕಂದಕದಲ್ಲಿ ಶಾಪವಾದ ಗುಣಗಳೇ ಇಲ್ಲಿ ಆಸ್ತಿ.

ಅವರಲ್ಲಿ ಫ್ರಾನ್ಸಿಸ್ ಪೆಗಾಮಗಾಬೋ ಅವರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಒಂಟಾರಿಯೊದ ಪ್ಯಾರಿ ದ್ವೀಪದ ಒಜಿಬ್ವೆ ಜನಾಂಗದವರು. 1914ರ ಆಗಸ್ಟ್‌ನಲ್ಲೇ ಸೈನ್ಯ ಸೇರಿದರು. ಈಪ್ರ್‌ನ ವಿಷಗಾಳಿಯಲ್ಲಿ ಇದ್ದರು, ಯುದ್ಧ ಮುಗಿಯುವವರೆಗೂ ಇದ್ದರು. ಅವರ ಕೈಯಲ್ಲಿದ್ದದ್ದು ರಾಸ್. ಅವರ ಹೆಸರಿನಲ್ಲಿ 378 ಸಾವುಗಳ ಲೆಕ್ಕ ಹೇಳುತ್ತಾರೆ. ಆ ಸಂಖ್ಯೆಯನ್ನು ಹೊಗಳಿಕೆಯಾಗಿ ಹೇಳಲು ನನ್ನಿಂದಾಗುವುದಿಲ್ಲ, ಒಂದೊಂದೂ ಒಬ್ಬ ಮನುಷ್ಯನೇ. ಮಿಲಿಟರಿ ಮೆಡಲ್ ಮೂರು ಸಲ ಪಡೆದ ಕೆನಡಾದ ಕೆಲವೇ ಸೈನಿಕರಲ್ಲಿ ಅವರೊಬ್ಬರು. ಊರಿಗೆ ಮರಳಿದ ಮೇಲೆ ಆದದ್ದೇನು? ಮೂಲನಿವಾಸಿಗಳ ಮೇಲೆ ಸರ್ಕಾರ ನೇಮಿಸಿದ ಏಜೆಂಟನ ಅಧಿಕಾರಕ್ಕೆ ಮತ್ತೆ ತಲೆಬಾಗಬೇಕಾಯಿತು. ಕೆಲಕಾಲ ತಮ್ಮ ಜನರ ಮುಖ್ಯಸ್ಥರಾಗಿದ್ದು, ಜೀವನವಿಡೀ ಹಕ್ಕುಗಳಿಗಾಗಿ ಬಡಿದಾಡಿ 1952ರಲ್ಲಿ ತೀರಿಕೊಂಡರು. ಅವರ ಜನಕ್ಕೆ ತಮ್ಮ ಗುರುತು ಬಿಡದೆ ದೇಶದ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಬಂದದ್ದು 1960ರಲ್ಲಿ.

ರಾಸ್‌ನಿಂದ ಹುಟ್ಟಿದ ಅತಿ ಅಪರೂಪದ ಕೋವಿ ಹೂಓ. ಕ್ವಿಬೆಕ್‌ನ ಜೋಸೆಫ್ ಹೂಓ ಎಂಬ ಕಸುಬುದಾರ, ಮೂಲೆಗೆ ಬಿದ್ದ ರಾಸ್ ರೈಫಲ್‌ಗೆ ಗ್ಯಾಸ್ ಪಿಸ್ಟನ್ ಮತ್ತು 25 ಗುಂಡಿನ ಡ್ರಮ್ ಸೇರಿಸಿ ಹಗುರ ಮಷಿನ್ ಗನ್ ಮಾಡಿದ. ನೇರ ಎಳೆಯುವ ಬೋಲ್ಟ್‌ಗೆ ಇದು ಚೆನ್ನಾಗಿಯೇ ಒಪ್ಪುತ್ತದೆ, ಕೈ ಎಳೆಯುವ ಬದಲು ಪಿಸ್ಟನ್ ಎಳೆಯುತ್ತದೆ ಅಷ್ಟೇ. ಖರ್ಚು, ಆಗ ಬ್ರಿಟಿಷ್ ಸೇನೆ ಬಳಸುತ್ತಿದ್ದ ಲೂಯಿಸ್ ಮಷಿನ್ ಗನ್ನಿನ ಒಂದು ಸಣ್ಣ ಪಾಲು. ಪರೀಕ್ಷೆಯಲ್ಲಿ ಚೆನ್ನಾಗಿ ನಡೆಯಿತು. ಅಷ್ಟರಲ್ಲಿ 1918ರ ನವೆಂಬರ್ ಬಂತು, ಯುದ್ಧ ನಿಂತಿತು. ತಯಾರಾದದ್ದು ಒಂದು ಕೈ ಬೆರಳಿನಷ್ಟು.

ಕ್ವಿಬೆಕ್ ಕಾರ್ಖಾನೆಯನ್ನು ಸರ್ಕಾರ 1917ರಲ್ಲಿ ವಶಕ್ಕೆ ತೆಗೆದುಕೊಂಡಿತು. ಸರ್ ಚಾರ್ಲ್ಸ್ ರಾಸ್‌ಗೆ ಪರಿಹಾರವಾಗಿ 20 ಲಕ್ಷ ಡಾಲರ್ ಸಿಕ್ಕಿತು. ಅವನು 1942ರವರೆಗೆ ಬದುಕಿದ್ದ. ಒಟ್ಟು ತಯಾರಾದ ಸೇನಾ ರೈಫಲ್‌ಗಳು ಸುಮಾರು 4,20,000. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್‌ಗೆ ಕೋವಿಗಳ ಬರ ಬಂದಾಗ ಇವನ್ನು ಮತ್ತೆ ಹೊರತೆಗೆದು ಊರು ಕಾಯುವ ಹೋಮ್ ಗಾರ್ಡ್‌ನವರಿಗೆ ಕೊಟ್ಟರು. ಅನೇಕವನ್ನು ಕೆನಡಾದ ಬೇಟೆಗಾರರು ಅಗ್ಗಕ್ಕೆ ಕೊಂಡು, ಮರ ಕತ್ತರಿಸಿ, ನಳಿಗೆ ಗಿಡ್ಡ ಮಾಡಿ ಜಿಂಕೆ ಬೇಟೆಗೆ ಬಳಸಿದರು. ಅದಕ್ಕೇ ಕತ್ತರಿಸದ, ಮೂಲ ಸ್ಥಿತಿಯ ರಾಸ್ ಇವತ್ತು ಸಂಗ್ರಹಕಾರರಿಗೆ ಅಪರೂಪ. ಕೊಳ್ಳುವವರು ಮೊದಲು ನೋಡುವುದು ಬೋಲ್ಟನ್ನು. ಬಿಚ್ಚಿದ ಬೋಲ್ಟನ್ನು ತಪ್ಪಾಗಿ ಜೋಡಿಸಿದರೆ ಅದು ಮುಚ್ಚಿಕೊಳ್ಳುತ್ತದೆ, ಆದರೆ ಬೀಗ ಬೀಳುವುದಿಲ್ಲ. ಹಾಗೇ ಹೊಡೆದರೆ ಬೋಲ್ಟ್ ಹೊಡೆದವನ ಮುಖಕ್ಕೇ ಹಾರುತ್ತದೆ. ಅದನ್ನು ತಡೆಯಲು ಆಮೇಲೆ ಒಂದು ಸಣ್ಣ ರಿವೆಟ್ ಹಾಕಿದರು. ಎಷ್ಟೋ ರೈಫಲ್‌ಗಳಲ್ಲಿ ಆ ರಿವೆಟ್ ಇಲ್ಲ.

ಒಟ್ಟಾವಾದ ಯುದ್ಧ ವಸ್ತುಸಂಗ್ರಹಾಲಯದಲ್ಲಿ ರಾಸ್ ರೈಫಲ್‌ಗಳಿವೆ. ಆ ಕಡೆ ಇರುವ ಕನ್ನಡಿಗರು ಯಾರಾದರೂ ಹೋದರೆ ಒಂದು ಉಪಕಾರ ಮಾಡಿ. ಇಡೀ ಕೋವಿಯ ಚಿತ್ರಗಳು ಎಲ್ಲ ಕಡೆ ಸಿಗುತ್ತವೆ, ಅದು ಬೇಡ. ಬೋಲ್ಟ್ ತೆರೆದಿಟ್ಟ ಮಾರ್ಕ್ 3 ಕಂಡರೆ ಆ ಎಡಬದಿಯ ಹಲ್ಲಿನ ಹಿಂದಿನ ಅಂಚನ್ನು ಹತ್ತಿರದಿಂದ ಫೋಟೊ ತೆಗೆದು ಕಳಿಸಿ. ಅದರ ಮೇಲೆ ಬಡಿತದ ಗುರುತು ಇದೆಯಾ ಅಂತ ನಾನು ನೋಡಬೇಕು.